ಉಮ್ಮತ್ತೂರಿನ ದಾರಿ, ಉದಕಮಂಡಲದ ಗುಲಾಬಿ

ಬೇಸಗೆ ಬಂದು ಶಾಲೆಗಳಿಗೆ ರಜ ಸಿಕ್ಕಿತೆಂದರೆ ಚಾಮರಾಜನಗರ, ಗುಂಡ್ಲುಪೇಟೆ, ನಂಜನಗೂಡುಗಳ ಸಂಸಾರಸ್ಥರಿಗೆ ಊಟಿಯ ನೆನಪಾಗುತ್ತದೆ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಮಧ್ಯಾಹ್ನದ ಹೊತ್ತಿಗೆ ಅಲ್ಲಿರಬಹುದು. ಹೋಗಿ ಬಂದವರನ್ನು ‘ಏನೇನು ನೋಡಿದಿರಿ?’ ಎಂದು ವಿಚಾರಿಸಿದರೆ ಉತ್ತರವೂ ಸಿದ್ಧವಾಗಿರುತ್ತದೆ: ಕೆರೆ ನೋಡಿದೆವು, ದೋಣಿ ಹತ್ತಿದೆವು, ಸಸ್ಯೋದ್ಯಾನ ನೋಡಿದೆವು, ಗುಲಾಬಿ ತೋಟ ನೋಡಿದೆವು. ಗುಲಾಬಿ ತೋಟ ಹೇಗಿತ್ತು ಎಂದರೆ ‘ಎಷ್ಟೊಂದು ಬಣ್ಣ, ಎಷ್ಟೊಂದು ಹೂವು!’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಅದು ಸಹಜವೇ. ಹೂವನ್ನು ಕಂಡು ಸಂತೋಷಪಡುವುದಕ್ಕೆ ಇತಿಹಾಸದ ಅಪ್ಪಣೆ ಬೇಕಿಲ್ಲ. ಆದರೂ ಆ ತೋಟದಲ್ಲಿ ನಿಂತಾಗ ನಮ್ಮ ಸೀಮೆಯವರು ನೆನೆಯಬೇಕಾದ ಸಂಗತಿಯೊಂದಿದೆ. ಆ ಬೆಟ್ಟಕ್ಕೂ ನಮ್ಮ ಬಯಲಿಗೂ ಒಂಬೈನೂರು ವರ್ಷಗಳ ಬಳಕೆ ಉಂಟು. ಆ ಕಾಲದ ಬಹುಭಾಗದಲ್ಲಿ ಬಯಲಿನ ಅರಸರೂ ಅಧಿಕಾರಿಗಳೂ ಬೆಟ್ಟ ಹತ್ತಿದ್ದು ಅದನ್ನು ತಮ್ಮದಾಗಿಸಿಕೊಳ್ಳುವುದಕ್ಕೆ. ಟಿಕೆಟ್ಟು ಕೊಂಡು ಒಳಗೆ ಹೋಗಿ, ನೋಡಿ, ಏನನ್ನೂ ಕೀಳದೆ ಕೆಳಗಿಳಿದು ಬರುವ ಪದ್ಧತಿ ತೀರ ಈಚಿನದು. ಆ ಬದಲಾವಣೆ ಹೇಗಾಯಿತೆಂಬುದನ್ನು ಇಲ್ಲಿ ಸ್ವಲ್ಪ ನೋಡೋಣ.

ದಾರಿಯಿಂದಲೇ ಆರಂಭಿಸಬಹುದು. ಚಾಮರಾಜನಗರ ತಾಲ್ಲೂಕಿನ ಉಮ್ಮತ್ತೂರು ಇಂದು ಒಂದು ಹಳ್ಳಿ. ಹಿಂದೆ ಅರಸುಮನೆತನವೊಂದರ ರಾಜಧಾನಿ. ಅಲ್ಲಿಂದ ಹೊರಟವರು ಚಾಮರಾಜನಗರಕ್ಕೆ ಬಂದು, ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಯನ್ನು ಸೇರಿ, ಬಂಡೀಪುರದ ಕಾಡನ್ನು ಹಾಯ್ದು, ತೆಪ್ಪಕಾಡಿನಲ್ಲಿ ಮೋಯಾರು ಹೊಳೆಯನ್ನು ದಾಟಿ ನೀಲಗಿರಿಯನ್ನು ಏರಬೇಕು. ಬಸ್ಸಿನ ಕಿಟಕಿಯಿಂದ ನೋಡಿದರೆ ಇವೆಲ್ಲ ನಿಲ್ದಾಣಗಳ ಹೆಸರುಗಳು ಮಾತ್ರ. ಶಾಸನಗಳನ್ನು ಓದಿದವರಿಗೆ ಒಂದೊಂದು ನಿಲ್ದಾಣವೂ ಬೆಟ್ಟದ ಕಥೆಯಲ್ಲಿ ಒಂದೊಂದು ಅಧ್ಯಾಯ.

ಮೊದಲನೆಯ ಅಧ್ಯಾಯ ಚಾಮರಾಜನಗರದಲ್ಲಿಯೇ ಇದೆ. ಈ ಊರಿಗೆ ಆ ಹೆಸರು ಬಂದದ್ದು 1818ರಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂದು ಅರಿಕುಠಾರವೆಂಬ ಹಳೆಯ ಹೆಸರನ್ನು ಬದಲಾಯಿಸಿದರು. 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನೂ ಕಟ್ಟಿಸಿದರು. ಅದಕ್ಕೂ ಏಳುನೂರು ವರ್ಷ ಹಿಂದಕ್ಕೆ ಹೋದರೆ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ ಇಲ್ಲಿ ಬಸದಿಯನ್ನು ಕಟ್ಟಿಸಿದನು. ಅಲ್ಲಿನ 1117ರ ಶಾಸನ ಅವನ ಪರಾಕ್ರಮವನ್ನು ಬಣ್ಣಿಸುತ್ತದೆ. ತೋಡರನ್ನು ಬೆದರಿಸಿದನಂತೆ, ಕೊಂಗರನ್ನು ಓಡಿಸಿದನಂತೆ, ನೀಲಾದ್ರಿಯನ್ನು ಹೊಕ್ಕು ಅದರ ಶಿಖರವನ್ನು ಜಯಲಕ್ಷ್ಮಿಗೆ ಒಪ್ಪಿಸಿದನಂತೆ. ಶಾಸನಗಳ ಭಾಷೆ ಹೊಗಳಿಕೆಯ ಭಾಷೆ. ಅದನ್ನು ಸ್ವಲ್ಪ ಸೋಸಿಯೇ ಓದಬೇಕು. ಆದರೆ ನೀಲಗಿರಿಯ ತೋಡರ ಹೆಸರು ಬರುವ ಅತ್ಯಂತ ಹಳೆಯ ಬರಹಗಳಲ್ಲಿ ಇದು ಮುಖ್ಯವಾದದ್ದು. ಊಟಿಯ ಇತಿಹಾಸವನ್ನು ಬರೆಯುವವರು ಪುಟ ಒಂದನ್ನು ತೆರೆಯಲು ಚಾಮರಾಜನಗರಕ್ಕೆ ಬರಬೇಕು ಎಂದರೆ ಅತಿಶಯೋಕ್ತಿಯಾಗಲಾರದು.

ಎರಡನೆಯ ಅಧ್ಯಾಯ ತೆರಕಣಾಂಬಿಯದು. ಹದಿಮೂರು ಹದಿನಾಲ್ಕನೆಯ ಶತಮಾನಗಳಲ್ಲಿ ಇಲ್ಲಿ ನಿಂತು ಆಳುತ್ತಿದ್ದ ಹೊಯ್ಸಳ ದಣ್ಣಾಯಕರಿಗೆ ನೀಲಗಿರಿಯನ್ನು ಹತೋಟಿಗೆ ತಂದವರೆಂಬ ಬಿರುದು ಇತ್ತು. ಪೆರುಮಾಳ ದಣ್ಣಾಯಕ, ಅವನ ಮಗ ಮಾಧವ ದಣ್ಣಾಯಕ ಇವರ ಹೆಸರುಗಳು ಈ ಸೀಮೆಯ ಶಾಸನಗಳಲ್ಲಿ ಬರುತ್ತವೆ. ಬೆಟ್ಟದ ಆಚೆಯ ಬುಡದಲ್ಲಿ ಭವಾನಿ ಮತ್ತು ಮೋಯಾರು ಹೊಳೆಗಳು ಕೂಡುವಲ್ಲಿ ಅವರ ಹೆಸರಿನ ಕೋಟೆಯೇ ಇತ್ತು: ದಣ್ಣಾಯಕನ ಕೋಟೆ. 1950ರ ದಶಕದಲ್ಲಿ ಭವಾನಿಸಾಗರದ ಅಣೆಕಟ್ಟು ಎದ್ದಾಗ ಆ ಕೋಟೆ ನೀರಿನಲ್ಲಿ ಮುಳುಗಿತು. ಬೆಟ್ಟವನ್ನು ಗೆದ್ದೆನೆಂದು ಬಿರುದು ಹೊತ್ತವರ ಕೋಟೆಯ ಮೇಲೆ ಇಂದು ಮೀನು ಈಜುತ್ತಿದೆ.

ಮೂರನೆಯ ಅಧ್ಯಾಯ ಉಮ್ಮತ್ತೂರಿನ ಒಡೆಯರದು. ವಿಜಯನಗರದ ಸಂಗಮ ವಂಶ ಬಲಗುಂದಿದ ಕಾಲದಲ್ಲಿ, ಹದಿನೈದನೆಯ ಶತಮಾನದ ಕೊನೆಗೆ, ಇವರು ಕಾವೇರಿಯ ದಂಡೆಯ ಶಿವನಸಮುದ್ರದಿಂದ ಕೊಂಗುನಾಡಿನ ಅಂಚಿನ ತನಕ ಕೈಚಾಚಿದರು. ‘ಪೆನುಗೊಂಡೆಯ ಚಕ್ರೇಶ್ವರ’ ಎಂಬ ಬಿರುದನ್ನು ಧರಿಸುವಷ್ಟು ಧೈರ್ಯ ಇವರಿಗಿತ್ತು. ಪೆನುಗೊಂಡೆ ವಿಜಯನಗರದ ಅರಸರ ಎರಡನೆಯ ರಾಜಧಾನಿಯಂತಿದ್ದ ಊರು. ಆ ಹೆಸರನ್ನು ಇಟ್ಟುಕೊಂಡರೆ ಚಕ್ರವರ್ತಿಗಳು ಸುಮ್ಮನಿರುತ್ತಾರೆಯೇ? ಕೃಷ್ಣದೇವರಾಯನು ಪಟ್ಟಕ್ಕೆ ಬಂದ ಹೊಸತರಲ್ಲಿಯೇ, 1510ರಿಂದ 1512ರವರೆಗೆ, ಇವರ ಮೇಲೆ ದಂಡೆತ್ತಿ ಬಂದು ಶಿವನಸಮುದ್ರದ ಕೋಟೆಯನ್ನು ಮುರಿದನು. ಉಮ್ಮತ್ತೂರಿನ ಗಂಗರಾಜ ಕಾವೇರಿಯಲ್ಲಿ ಮುಳುಗಿ ಸತ್ತನೆಂದು ಕಥೆ. ಈ ಒಡೆಯರ ಅಧಿಕಾರ ನೀಲಗಿರಿಯ ಮೇಲೂ ಇತ್ತೆಂದೂ, ಬೆಟ್ಟದ ಮೇಲಿನ ಮಲೆಕೋಟೆ ಮೊದಲಾದ ಸಣ್ಣ ಕೋಟೆಗಳು ಉಮ್ಮತ್ತೂರಿನವರ ಕಾಲದವೆಂದೂ ಬೆಟ್ಟದ ಜನರ ಹೇಳಿಕೆಯುಂಟು. 1612ರಲ್ಲಿ ಉಮ್ಮತ್ತೂರು ಸೀಮೆ ವಿಜಯನಗರದ ವೆಂಕಟಪತಿರಾಯನಿಂದ ಮೈಸೂರಿನ ರಾಜ ಒಡೆಯರಿಗೆ ಬಂದಿತು. ಅದರ ಹಿಂದೆಯೇ ಬೆಟ್ಟವೂ ಮೈಸೂರಿನ ಲೆಕ್ಕಕ್ಕೆ ಸೇರಿತು.

ಅರಸರು ಹೋದ ದಾರಿಯಲ್ಲಿಯೇ ಸಾಮಾನ್ಯ ಜನರೂ ಹೋದರು. ನೀಲಗಿರಿಯ ಬಡಗರ ಹೆಸರೇ ಅವರು ಬಡಗಲಿಂದ, ಎಂದರೆ ಉತ್ತರದಿಂದ, ಬಂದವರೆಂದು ಸಾರುತ್ತದೆ. ಅವರ ಮಾತು ಕನ್ನಡಕ್ಕೆ ತೀರ ಹತ್ತಿರದ್ದು. ಅವರ ಊರುಗಳಿಗೆ ‘ಹಟ್ಟಿ’ ಎಂದು ಹೆಸರು. ನಮ್ಮ ಹಳ್ಳಿಯವರಿಗೂ ಆ ಮಾತು ಹೊಸದಲ್ಲ. ಮೈಸೂರು ಸೀಮೆಯ ಗಲಭೆಗಳಿಂದ ತಪ್ಪಿಸಿಕೊಂಡು ಹಿರಿಯರು ಮೇಲಕ್ಕೆ ಬಂದರೆಂದು ಅವರ ಮನೆತನಗಳಲ್ಲಿ ಕಥೆ ಹೇಳುತ್ತಾರೆ. ಅಂಥ ಕಥೆಗಳಲ್ಲಿ ಉಮ್ಮತ್ತೂರಿನ ಹೆಸರೂ ಬರುತ್ತದೆ. ಇವರು ದಂಡೆತ್ತಿ ಹೋದವರಲ್ಲ. ಬದುಕು ಅರಸಿ ಹೋದವರು. ಸಾಮೆ, ಕೊರಲೆಗಳನ್ನು ಬಿತ್ತಿದರು. ಎಮ್ಮೆ ಸಾಕುವ ತೋಡರೊಡನೆ, ಮಡಕೆಯನ್ನೂ ಕಬ್ಬಿಣದ ಸಾಮಾನನ್ನೂ ಮಾಡುವ ಕೋತರೊಡನೆ ಕೊಡುಕೊಳೆ ನಡೆಸಿಕೊಂಡು ನೆಲೆನಿಂತರು. ಬೆಟ್ಟದ ಮೇಲೆ ಬೇರುಬಿಟ್ಟವರು ಇವರು. ಬಿರುದಿನ ಅರಸರೆಲ್ಲ ಬಂದು ಹೋದವರು.

ಇಷ್ಟು ಹೊತ್ತೂ ಗುಲಾಬಿ ಎಲ್ಲಿತ್ತು ಎಂದು ಓದುಗರು ಕೇಳಬಹುದು. ಅದೂ ನಮ್ಮ ನಾಡಿನಲ್ಲಿಯೇ ಇತ್ತು, ಆದರೆ ಗೋಡೆಯ ಒಳಗೆ. 1760ರಲ್ಲಿ ಹೈದರಾಲಿ ಬೆಂಗಳೂರಿನಲ್ಲಿ ಲಾಲ್‌ಬಾಗ್ ತೋಟಕ್ಕೆ ಆರಂಭ ಮಾಡಿದನು. ಟಿಪ್ಪು ಸುಲ್ತಾನ್ ಅದನ್ನು ಬೆಳೆಸಿದನು. 1800ರಲ್ಲಿ ಕಂಪೆನಿ ಸರಕಾರದ ಅಪ್ಪಣೆಯ ಮೇರೆಗೆ ಮೈಸೂರು ದೇಶವನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ಆ ತೋಟಗಳನ್ನು ನೋಡಿ ವರ್ಣಿಸಿದ್ದಾನೆ. ತೋಟವನ್ನು ಚೌಕಚೌಕವಾಗಿ ವಿಂಗಡಿಸಿ, ನಡುವೆ ದಾರಿ ಬಿಟ್ಟು, ದಾರಿಯ ಅಂಚಿಗೆ ಸೈಪ್ರೆಸ್ ಮರಗಳನ್ನು ನೆಟ್ಟಿದ್ದರು. ಒಂದೊಂದು ಚೌಕದಲ್ಲಿ ಒಂದೊಂದೇ ಜಾತಿಯ ಗಿಡ: ಒಂದರಲ್ಲಿ ಪೂರ್ತಿ ದಾಳಿಂಬೆ, ಇನ್ನೊಂದರಲ್ಲಿ ಪೂರ್ತಿ ಗುಲಾಬಿ. ಸುಲ್ತಾನರ ಈ ಗುಲಾಬಿ ಚೌಕ ನಮ್ಮ ನಾಡಿನ ಗುಲಾಬಿ ತೋಟಗಳ ಹಿರಿಯಜ್ಜಿ ಎನ್ನಬಹುದು. ಅದನ್ನು ನೋಡುವ ಭಾಗ್ಯ ಅರಮನೆಯವರದು. ನೀರು ಹೊಯ್ಯುವ ಕೆಲಸ ಊರಿನವರದು.

ಗುಲಾಬಿ ಎಂಬ ಮಾತೂ ಆ ದಾರಿಯಿಂದಲೇ ಬಂದದ್ದು. ಪಾರಸಿಯಲ್ಲಿ ‘ಗುಲ್’ ಎಂದರೆ ಹೂವು, ‘ಆಬ್’ ಎಂದರೆ ನೀರು. ಹೂವಿನ ನೀರಿನ ಹೆಸರು ಕೊನೆಗೆ ಹೂವಿಗೇ ನಿಂತಿತು. ಸಕ್ಕರೆಯಲ್ಲಿ ಎಸಳು ಬೆರೆಸಿ ಬಿಸಿಲಿಗಿಟ್ಟು ಮಾಡುವ ಗುಲ್ಕಂದವೂ ಅದೇ ಮನೆತನದ ಮಾತು. ಮದುವೆಯಲ್ಲಿ ಬಾಗಿಲಲ್ಲಿ ನಿಂತು ಬಂದವರ ಮೇಲೆ ಚಿಮುಕಿಸುವ ನೀರನ್ನು ಮಾತ್ರ ನಾವು ನಮ್ಮ ಮಾತಿನಲ್ಲಿಯೇ ಪನ್ನೀರು ಎಂದು ಕರೆದುಕೊಂಡೆವು. ಇನ್ನು ಹಾರ ಕಟ್ಟುವವರು ತರುವ ಸಣ್ಣ, ಸುವಾಸನೆಯ, ತಿಳಿಗೆಂಪು ಗುಲಾಬಿಯೊಂದುಂಟಲ್ಲ, ದಕ್ಷಿಣ ದೇಶದಲ್ಲೆಲ್ಲ ಪನ್ನೀರು ಗುಲಾಬಿ ಎಂದೂ ಎಡ್ವರ್ಡ್ ಗುಲಾಬಿ ಎಂದೂ ಕರೆಯುವ ಹೂವು, ಅದರ ಹಿಂದೆಯೂ ಒಂದು ಕಥೆಯಿದೆ. ಹಿಂದೂ ಮಹಾಸಾಗರದಲ್ಲಿ ಆಗ ಬೂರ್ಬೋನ್ ಎಂದು ಹೆಸರಾಗಿದ್ದ ರಿಯೂನಿಯನ್ ದ್ವೀಪದಲ್ಲಿ, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ಬೇಲಿಗೆ ನೆಟ್ಟಿದ್ದ ಚೀನಾ ಗುಲಾಬಿಗೂ ಡಮಾಸ್ಕದ ಗುಲಾಬಿಗೂ ತಾನಾಗಿ ಬೆರಕೆಯಾಗಿ ಹುಟ್ಟಿದ ಗಿಡ ಇದು. ನಮ್ಮ ದೇವರ ಮುಡಿಗೇರುವ ಹೂವೂ ಹೀಗೆ ಕಡಲು ದಾಟಿ ಬಂದು ಮನೆಯದಾದದ್ದು.

ನೀಲಗಿರಿಗೆ ತನ್ನದೇ ಆದ ಗುಲಾಬಿ ಇರಲಿಲ್ಲವೆ? ಇತ್ತು. ಎತ್ತರದ ಶೋಲಾ ಕಾಡುಗಳ ಅಂಚಿನಲ್ಲಿ ಮರಗಳ ಮೇಲೆ ಹಬ್ಬಿ ಬಿಳಿಯ ಹೂ ಬಿಡುವ ಕಾಡುಗುಲಾಬಿಯೊಂದು ದಕ್ಷಿಣದ ಈ ಬೆಟ್ಟಗಳಲ್ಲಿ ಹುಟ್ಟಿ ಬೆಳೆದದ್ದು. ಪಾಂಡಿಚೇರಿಯಲ್ಲಿದ್ದ ಲೆಷನೊ ದ ಲಾ ತೂರ್ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞನು 1819ರ ಸುಮಾರಿನಲ್ಲಿ ನೀಲಗಿರಿಗೆ ಬಂದು ಗಿಡಮರಗಳನ್ನು ಸಂಗ್ರಹಿಸಿದನು. ಅವನ ನೆನಪಿಗಾಗಿ ಶಾಸ್ತ್ರಜ್ಞರು ಆ ಕಾಡುಗುಲಾಬಿಗೆ ‘ರೋಸ ಲೆಷನೋಲ್ಟಿಯಾನ’ ಎಂದು ಹೆಸರಿಟ್ಟರು. ಪುಣಿಸನ ದಂಡು ಬೆಟ್ಟ ಹೊಕ್ಕಾಗಲೂ, ಬಡಗರು ಹಟ್ಟಿ ಕಟ್ಟಿದಾಗಲೂ ಅದು ಅಲ್ಲಿ ಅರಳುತ್ತಿತ್ತು. ಮುಂದೆ ಶೋಲಾ ಕಾಡುಗಳೂ ಹುಲ್ಲುಗಾವಲುಗಳೂ ಬಹುಮಟ್ಟಿಗೆ ಚಹದ ತೋಟ, ನೀಲಗಿರಿ ಮರ, ವ್ಯಾಟಲ್ ಮರಗಳಿಗೆ ಎಡೆಮಾಡಿಕೊಟ್ಟವು. ಕಾಡುಗುಲಾಬಿಯ ಮನೆಯೂ ಅಷ್ಟರಮಟ್ಟಿಗೆ ಕಿರಿದಾಯಿತು.

ಆ ಬದಲಾವಣೆ ಎಲ್ಲಿಂದ ಬಂತೆಂಬುದು ಎಲ್ಲರಿಗೂ ತಿಳಿದದ್ದೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ನೀಲಗಿರಿ ಮೈಸೂರಿನ ಕೈಬಿಟ್ಟು ಈಸ್ಟ್ ಇಂಡಿಯಾ ಕಂಪೆನಿಗೆ ಸೇರಿತು. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಬೆಟ್ಟ ಹತ್ತಿದನು. ತಂಪು ಹವೆಯನ್ನು ಕಂಡು ಮನಸೋತನು. ತೋಡರ ಮಂದು ಇದ್ದ ಜಾಗದಲ್ಲಿ ನೆಲ ಕೊಂಡು 1822ರ ಸುಮಾರಿಗೆ ಕಲ್ಲಿನ ಮನೆ ಕಟ್ಟಲು ತೊಡಗಿದನು. ಹಳ್ಳಕ್ಕೆ ಒಡ್ಡು ಹಾಕಿಸಿ ಕೆರೆ ಮಾಡಿಸಿದನು. ಈಗ ದೋಣಿ ನಡೆಯುವ ಕೆರೆ ಅದೇ. ಸಲ್ಲಿವನ್ನನ ಬಗ್ಗೆ ನ್ಯಾಯವಾಗಿ ಒಂದು ಮಾತು ಹೇಳಬೇಕು: ಈ ಹುಲ್ಲುಗಾವಲು ತೋಡರದು, ಅವರ ಹಕ್ಕನ್ನು ಸರಕಾರ ಮನ್ನಿಸಬೇಕು ಎಂದು ಬರೆದು ವಾದಿಸಿದವನೂ ಅವನೇ. ಆದರೆ ಅವನು ತೆರೆದ ದಾರಿಯಲ್ಲಿ ಬಂದವರೆಲ್ಲರಿಗೆ ಆ ಮಾತು ಬೇಕಾಗಿರಲಿಲ್ಲ. ಬಂಗಲೆಗಳು ಎದ್ದವು, ಬೇಲಿಗಳು ಎದ್ದವು. ಎಮ್ಮೆ ಮೇಯುತ್ತಿದ್ದ ಇಳಿಜಾರು ಒಂದೊಂದಾಗಿ ಒಬ್ಬೊಬ್ಬರ ಹೆಸರಿಗೆ ಹೋಯಿತು. ಊಟಿಯ ಯಾವ ಹೂದೋಟದ ಚೆಲುವನ್ನು ಹೊಗಳುವಾಗಲೂ ಈ ಮಾತನ್ನು ಮರೆಯುವುದು ಸರಿಯಲ್ಲ.

ಬೆಟ್ಟದ ಮೇಲಿನ ಮೊದಲ ದೊಡ್ಡ ಉದ್ಯಾನ ಹುಟ್ಟಿದ್ದು ಹೂವಿಗಾಗಿ ಅಲ್ಲ, ತರಕಾರಿಗಾಗಿ. 1840ರ ದಶಕದಲ್ಲಿ ಊಟಿಯ ಐರೋಪ್ಯರು ಚಂದಾ ಹಾಕಿ, ಕಡಿಮೆ ಬೆಲೆಗೆ ತಮಗೆ ಬೇಕಾದ ಕಾಯಿಪಲ್ಲೆ ಬೆಳೆಸಿಕೊಳ್ಳಲು ತೋಟ ಮಾಡಿದರು. 1847ರಲ್ಲಿ ಅದನ್ನು ಸಾರ್ವಜನಿಕ ಉದ್ಯಾನವನ್ನಾಗಿ ಮಾಡುವ ಯತ್ನ ನಡೆಯಿತು. ಮರುವರ್ಷ ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ತರಬೇತಿ ಪಡೆದ ವಿಲಿಯಂ ಗ್ರಹಾಂ ಮ್ಯಾಕೈವರ್ ಬಂದು ಜೌಗು ನೆಲವನ್ನೂ ಇಳಿಜಾರನ್ನೂ ಹದಮಾಡಿ, ಇಂದು ನಾವು ನೋಡುವ 55 ಎಕರೆಯ ಸಸ್ಯೋದ್ಯಾನಕ್ಕೆ ರೂಪಕೊಟ್ಟನು. ನಮ್ಮ ಲಾಲ್‌ಬಾಗಿನಲ್ಲಿಯೂ ನಡೆದದ್ದು ಇದೇ. 1856ರಲ್ಲಿ ಅದು ಸರಕಾರದ ಸಸ್ಯೋದ್ಯಾನವಾಯಿತು. 1858ರಲ್ಲಿ ಕ್ಯೂ ಉದ್ಯಾನದಿಂದಲೇ ವಿಲಿಯಂ ನ್ಯೂ ಬಂದನು. ಸುಲ್ತಾನರ ತೋಟವೂ ದೊರೆಗಳ ತೋಟವೂ ಹೀಗೆ ಒಂದೇ ಕಾಲದಲ್ಲಿ ನಿಧಾನವಾಗಿ ಬಾಗಿಲು ಸಡಿಲಿಸಿಕೊಂಡವು. 1896ರಲ್ಲಿ ಊಟಿಯಲ್ಲಿ ಮೊದಲ ಫಲಪುಷ್ಪ ಪ್ರದರ್ಶನ ನಡೆಯಿತು. ಮೈಸೂರಿನ ಮಹಾರಾಜರಿಗೂ ಫರ್ನ್‌ಹಿಲ್‌ನಲ್ಲಿ ಬೇಸಗೆಯ ಅರಮನೆ ಇತ್ತು. ಆ ಕಡೆಯಲ್ಲಿಯೇ ಕರ್ನಾಟಕದ ತೋಟಗಾರಿಕೆ ಇಲಾಖೆಯ ಉದ್ಯಾನವೂ ಇದೆ. ಬೆಟ್ಟದ ಮೇಲೆ ಕನ್ನಡದ ಹಲಗೆಯನ್ನು ಕಂಡು ಹಿಗ್ಗುವವರು ಅಲ್ಲಿಗೂ ಹೋಗಿ ಬರುತ್ತಾರೆ.

ಆ ಪ್ರದರ್ಶನದ ನೂರನೆಯ ವರ್ಷದ ನೆನಪಿಗೆ ಹುಟ್ಟಿದ್ದು ಸರಕಾರಿ ಗುಲಾಬಿ ತೋಟ. 1995ರ ಮೇ ತಿಂಗಳಲ್ಲಿ ನಡೆದ ಶತಮಾನೋತ್ಸವದ ಸಂದರ್ಭದಲ್ಲಿ, ಊಟಿ ಪಟ್ಟಣದ ವಿಜಯನಗರಂ ಎಂಬಲ್ಲಿ, ಎಲ್ಕ್ ಹಿಲ್ ಎಂಬ ಗುಡ್ಡದ ಇಳಿಜಾರಿನಲ್ಲಿ ತಮಿಳುನಾಡು ಸರಕಾರ ಇದನ್ನು ಸ್ಥಾಪಿಸಿತು. ಹತ್ತು ಎಕರೆಯ ನೆಲ. ಸಮುದ್ರಮಟ್ಟದಿಂದ ಸುಮಾರು 2,200 ಮೀಟರು ಎತ್ತರ. ಆರಂಭದಲ್ಲಿ 1,919 ತಳಿಗಳ 17,256 ಗಿಡಗಳಿದ್ದವು. ಮುಂದೆ ತಳಿಗಳೂ ಗಿಡಗಳೂ ಹೆಚ್ಚಿದವು. 2006ರಲ್ಲಿ ಜಪಾನಿನ ಒಸಾಕದಲ್ಲಿ ವಿಶ್ವ ಗುಲಾಬಿ ಸಂಘಗಳ ಒಕ್ಕೂಟ ಸೇರಿದಾಗ ದಕ್ಷಿಣ ಏಷ್ಯದ ಉತ್ತಮ ತೋಟವೆಂಬ ಮನ್ನಣೆ ಇದಕ್ಕೆ ದೊರಕಿತು.

ಒಳಹೊಕ್ಕವರಿಗೆ ಮೊದಲು ಕಾಣುವುದು ಬೆಟ್ಟಕ್ಕೆ ಕೊರೆದ ಐದು ಹಂತಗಳು. ನಮ್ಮ ಕಡೆ ಇಳಿಜಾರಿನ ಹೊಲಕ್ಕೆ ಬದು ಹಾಕುವಂತೆ ಇಲ್ಲಿಯೂ ಬಾಗುಬಾಗಾಗಿ ಸಮಮಾಡಿದ ಪಟ್ಟಿಗಳಿವೆ. ಇದು ಚೆಂದಕ್ಕೆ ಮಾತ್ರ ಮಾಡಿದ್ದಲ್ಲ. ಗುಲಾಬಿಗೆ ನೀರು ಬೇಕು, ಆದರೆ ಬೇರಿನ ಬಳಿ ನೀರು ನಿಲ್ಲಬಾರದು. ಎರಡು ಮಳೆಗಾಲಗಳನ್ನೂ ಕಾಣುವ ಈ ಬೆಟ್ಟದಲ್ಲಿ ನೀರು ಹರಿದುಹೋಗಲು ಇಳಿಜಾರೇ ಅನುಕೂಲ. ಮೇಲಿನ ‘ನಿಲಾಮಾಡಂ’ ಎಂಬ ಕಟ್ಟೆಯನ್ನೇರಿದರೆ ಇಡೀ ತೋಟ ಕಣ್ಣಿಗೆ ಬೀಳುತ್ತದೆ. ಹೂವು ತುಂಬಿರುವ ಕಾಲ ಏಪ್ರಿಲ್, ಮೇ ತಿಂಗಳುಗಳು. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಏರಿಳಿತದ ದಾರಿಯೆಂದು ಮೊದಲೇ ತಿಳಿದಿರುವುದು ಒಳ್ಳೆಯದು. ಬೆಳಗಿನ ಹೊತ್ತು ಹೋದರೆ ಜನಸಂದಣಿಯೂ ಕಡಿಮೆ, ಹೂವಿನ ಪರಿಮಳವೂ ಹೆಚ್ಚು.

ಬಣ್ಣಗಳನ್ನು ಎಣಿಸುವುದಕ್ಕಿಂತ ಹೆಸರುಹಲಗೆಗಳನ್ನು ಓದುತ್ತ ನಡೆದರೆ ಲಾಭ ಹೆಚ್ಚು. ಇಲ್ಲಿ ಹಸಿರು ಗುಲಾಬಿಯೂ ಉಂಟು: ಅದರಲ್ಲಿ ಎಸಳುಗಳೆಲ್ಲ ಪುಷ್ಪಪತ್ರಗಳಂತೆ ಹಸುರಾಗಿ ಬದಲಾಗಿರುತ್ತವೆ. ಕಪ್ಪು ಗುಲಾಬಿ ಎಂದು ಮಕ್ಕಳು ಕೂಗಿ ತೋರಿಸುವ ಹೂವು ನಿಜಕ್ಕೂ ದಟ್ಟವಾದ ಕಡುಗೆಂಪು. ಅಪ್ಪಟ ನೀಲಿ ಗುಲಾಬಿಯನ್ನು ಹುಡುಕಿ ಆಯಾಸಪಡಬೇಕಾಗಿಲ್ಲ. ನೀಲಿಗೆ ಬೇಕಾದ ವರ್ಣದ್ರವ್ಯ ಗುಲಾಬಿಯ ಮನೆತನದಲ್ಲಿ ಸಹಜವಾಗಿ ಇಲ್ಲ.

ಇವುಗಳ ವಂಶಾವಳಿ ಅರಸುಮನೆತನಗಳ ವಂಶಾವಳಿಗಿಂತ ಸ್ವಾರಸ್ಯವಾದದ್ದು. ಯೂರೋಪಿನ ಹಳೆಯ ಗುಲಾಬಿಗಳಲ್ಲಿ ಹೆಚ್ಚಿನವು ವರ್ಷಕ್ಕೊಂದೇ ಸಲ ಹೂ ಬಿಡುತ್ತಿದ್ದವು. ಮತ್ತೆ ಮತ್ತೆ ಅರಳುವ ಗುಣ ಚೀನಾ ದೇಶದ ಗುಲಾಬಿಗಳದು. ಹದಿನೆಂಟನೆಯ ಶತಮಾನದ ಕೊನೆಗೆ ಅವು ಕಂಪೆನಿಯ ಹಡಗುಗಳಲ್ಲಿ ಪಶ್ಚಿಮಕ್ಕೆ ಹೊರಟವು. ನಡುವೆ ಕಲ್ಕತ್ತೆಯಲ್ಲಿ ತಂಗಿದ ಕಾರಣ ಅವುಗಳಿಗೆ ಬಂಗಾಳದ ಗುಲಾಬಿ ಎಂಬ ಹೆಸರೂ ಬಿದ್ದಿತು. ಹೀಗೆ ಪೂರ್ವಪಶ್ಚಿಮಗಳ ಬೆರಕೆಯಿಂದ ಹೊಸ ತಳಿಗಳು ಹುಟ್ಟಿದವು. 1867ರಲ್ಲಿ ಫ್ರಾನ್ಸಿನ ಗಿಯೋ ಎಂಬವನು ಹೊರತಂದ ‘ಲಾ ಫ್ರಾನ್ಸ್’ ಎಂಬ ಹೂವನ್ನು ಹೊಸ ಗುಲಾಬಿಗಳ ಮೊದಲನೆಯದೆಂದು ಎಣಿಸುತ್ತಾರೆ. ನೀಳವಾದ ಮೊಗ್ಗು, ಉದ್ದನೆಯ ದಂಟು, ವರ್ಷಕ್ಕೆ ಹಲವು ಸಲ ಹೂವು: ನಾವು ಪೇಟೆಯಲ್ಲಿ ಕೊಳ್ಳುವ ಗುಲಾಬಿಯ ಲಕ್ಷಣಗಳೆಲ್ಲ ಅಲ್ಲಿಂದ ಬಂದವು.

ಯುದ್ಧದ ನೆನಪು ಹೊತ್ತ ಗುಲಾಬಿಯೂ ಒಂದಿದೆ. ಫ್ರಾನ್ಸಿನ ಫ್ರಾನ್ಸಿಸ್ ಮೆಯ್ಯಾಂ ಎರಡನೆಯ ಮಹಾಯುದ್ಧದ ಮುನ್ನ ಹಳದಿಗೆ ನಸುಗೆಂಪು ಅಂಚಿನ ಹೊಸ ತಳಿಯೊಂದನ್ನು ಬೆಳೆಸಿದ್ದನು. ಜರ್ಮನರು ಬರುವ ಮೊದಲೇ ಅದರ ಕಡ್ಡಿಗಳು ಅಮೆರಿಕವನ್ನು ಸೇರಿದ್ದವು. ಬರ್ಲಿನ್ ನಗರ ಬೀಳುವ ಅಂಚಿನಲ್ಲಿದ್ದ 1945ರ ಏಪ್ರಿಲ್ 29ರಂದು ಅಮೆರಿಕದಲ್ಲಿ ಆ ಹೂವಿಗೆ ‘ಪೀಸ್’, ಎಂದರೆ ಶಾಂತಿ, ಎಂದು ಹೆಸರಿಟ್ಟರು. ವಿಶ್ವಸಂಸ್ಥೆಯನ್ನು ಕಟ್ಟಲು ಸಾನ್‌ಫ್ರಾನ್ಸಿಸ್ಕೊದಲ್ಲಿ ಸೇರಿದ್ದ ಪ್ರತಿನಿಧಿಗಳಿಗೆ ಆ ಹೂವನ್ನು ಒಂದೊಂದಾಗಿ ಕೊಟ್ಟರು. ಭಾರತದಲ್ಲಿಯೂ ತಳಿ ಬೆಳೆಸಿದವರುಂಟು. ಗೋಧಿಯ ತಳಿಗಳಿಗೆ ಹೆಸರಾದ ವಿಜ್ಞಾನಿ ಬಿ. ಪಿ. ಪಾಲ್ ಅವರಿಗೆ ಗುಲಾಬಿ ಪ್ರಾಣಪ್ರಿಯ. ‘ರೋಸ್ ಶರ್ಬತ್’, ‘ಡೆಲ್ಲಿ ಪ್ರಿನ್ಸೆಸ್’ ಮೊದಲಾದ ತಳಿಗಳು ಅವರ ಕೈಯಲ್ಲಿ ಅರಳಿದವು. ದೇಶಕ್ಕೆ ಅನ್ನದ ಚಿಂತೆ ಇದ್ದ ಆ ಕಾಲದಲ್ಲಿ ಗೋಧಿಯ ಗದ್ದೆಯಿಂದ ಬಂದ ವಿಜ್ಞಾನಿ ಸಂಜೆ ಗುಲಾಬಿಯ ಮುಂದೆ ಕುಳಿತದ್ದು ವ್ಯರ್ಥವಾಯಿತೆಂದು ಯಾರೂ ಹೇಳಲಿಲ್ಲ.

ಇಷ್ಟು ಹೂವುಗಳ ಹಿಂದೆ ದುಡಿಯುವ ಕೈಗಳಿವೆ. ಗುಲಾಬಿಯನ್ನು ಸಾಮಾನ್ಯವಾಗಿ ಬೀಜದಿಂದ ಬೆಳೆಸುವುದಿಲ್ಲ. ಗಟ್ಟಿ ಬೇರಿನ ಕಾಡುತಳಿಯ ಗಿಡದ ತೊಗಟೆಯನ್ನು ಸೀಳಿ, ಬೇಕಾದ ತಳಿಯ ಕಣ್ಣನ್ನು ಅದರಲ್ಲಿ ಕೂರಿಸಿ ಕಟ್ಟುತ್ತಾರೆ. ಕಣ್ಣು ಹಿಡಿದ ಮೇಲೆ ಮೇಲಿನ ಕಾಡುಕೊಂಬೆಯನ್ನು ಕತ್ತರಿಸುತ್ತಾರೆ. ಕೆಳಗಿನಿಂದ ಕಾಡುಚಿಗುರು ಮತ್ತೆ ಎದ್ದರೆ ಅದನ್ನು ಕೂಡಲೆ ಕಿತ್ತುಹಾಕಬೇಕು; ಇಲ್ಲವಾದರೆ ಕಾಡುಗಿಡವೇ ಮನೆಯೊಡೆಯನಾಗುತ್ತದೆ. ನೀಲಗಿರಿಯಲ್ಲಿ ಚಳಿಗಾಲದ ಇಬ್ಬನಿ ಹೆಪ್ಪುಗಟ್ಟುವ ದಿನಗಳು ಕಳೆಯುತ್ತ ಬಂದಾಗ ಗಿಡಗಳನ್ನು ಸವರುತ್ತಾರೆ. ಆಗ ಹೋದವರಿಗೆ ಮುಳ್ಳಿನ ಬೋಳುಕಡ್ಡಿಗಳಲ್ಲದೆ ಬೇರೇನೂ ಕಾಣದು. ಅಂದಿನ ಆ ನಿರ್ದಯದ ಕತ್ತರಿಯೇ ಮೇ ತಿಂಗಳ ಹೂವಿಗೆ ತಾಯಿ. ಮಳೆ ಹಿಡಿದಾಗ ಎಲೆಗೆ ಕಪ್ಪು ಚುಕ್ಕೆಯ ರೋಗ ಬರುತ್ತದೆ. ಉದುರಿದ ಎಲೆಯನ್ನು ಆರಿಸಿ ಸುಡುವುದು, ಔಷಧ ಸಿಂಪಡಿಸುವುದು, ಕಳೆ ತೆಗೆಯುವುದು ಎಂದು ವರ್ಷವಿಡೀ ಕೆಲಸ. ಲಾಲ್‌ಬಾಗಿನ ಗುಲಾಬಿ ಚೌಕಕ್ಕೆ ನೀರು ಹೊತ್ತವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಊಟಿಯ ಸಾಲುಗಳಲ್ಲಿ ಬಗ್ಗಿ ಕಳೆ ಕೀಳುವ ಹೆಂಗಸರನ್ನು ಕಂಡಾಗ ಒಂದು ಒಳ್ಳೆಯ ಮಾತಾಡಿ ಬಂದರೆ ಆ ಹಳೆಯ ಸಾಲ ಸ್ವಲ್ಪವಾದರೂ ತೀರುತ್ತದೆ.

ಸಾರ್ವಜನಿಕ ತೋಟವೆಂದರೆ ಎಲ್ಲರ ಆಸ್ತಿ ಎನ್ನುತ್ತೇವೆ. ಎಲ್ಲರದೆಂದ ಮೇಲೆ ನನ್ನದೂ ಹೌದು, ಒಂದು ಹೂ ಕಿತ್ತರೇನು ಎನ್ನುವವರೂ ಇದ್ದಾರೆ. ದಿನಕ್ಕೆ ಸಾವಿರಾರು ಜನ ಬರುವ ಕಡೆ ಒಬ್ಬೊಬ್ಬರಿಗೆ ಒಂದೊಂದು ಹೂವೆಂದರೆ ಒಂದು ವಾರದಲ್ಲಿ ತೋಟವೇ ಉಳಿಯದು. ಬೆಟ್ಟಕ್ಕೂ ಇದೇ ಲೆಕ್ಕ. ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರ ತನಕ ವಾಹನ ಸಂಚಾರವನ್ನು 2009ರಲ್ಲಿ ನಿಲ್ಲಿಸಿದ್ದು ಕಾಡುಪ್ರಾಣಿಗಳ ಜೀವಕ್ಕಾಗಿ. 2024ರ ಮೇ ತಿಂಗಳಿನಿಂದ, ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ, ಹೊರಗಿನ ವಾಹನಗಳಿಗೆ ಇ-ಪಾಸ್ ಪದ್ಧತಿ ಬಂದದ್ದು ಬೆಟ್ಟಕ್ಕೆ ತಾಳಲಾರದ ದಟ್ಟಣೆಯ ಕಾರಣದಿಂದ. ಇವುಗಳನ್ನು ತೊಡಕೆಂದು ಗೊಣಗುವವರುಂಟು. ಪುಣಿಸನ ಕಾಲದಲ್ಲಿ ಬೆಟ್ಟವೇ ತನ್ನ ಕಡಿದಾದ ಗೋಡೆಗಳಿಂದ, ಕಾಡಿನ ಜ್ವರದಿಂದ ತನ್ನನ್ನು ಕಾಯ್ದುಕೊಳ್ಳುತ್ತಿತ್ತು. ಈಗ ಆ ಗೋಡೆಗಳಿಗೆ ಟಾರು ರಸ್ತೆ ಹಾಕಿದವರು ನಾವೇ. ಕಾಯುವ ಹೊಣೆಯೂ ನಮ್ಮ ಮೇಲೆಯೇ ಬಿದ್ದಿದೆ.

ಹಿಂತಿರುಗುವಾಗ ಗುಂಡ್ಲುಪೇಟೆಯ ಸುತ್ತ ಹೊಲಗಳಲ್ಲಿ, ಮುಂಗಾರು ಹಿಡಿದ ಮೇಲಾದರೆ, ಚೆಂಡುಹೂವಿನ ಕೇಸರಿಯೂ ಸೂರ್ಯಕಾಂತಿಯ ಹಳದಿಯೂ ರಸ್ತೆಯ ಅಂಚಿನವರೆಗೆ ಹರಡಿರುತ್ತವೆ. ಆ ಹೂವು ನೋಡಲೆಂದು ಕೇರಳದಿಂದ ಜನ ಬಂದು ಇಳಿಯುತ್ತಾರೆ. ನಾವು ಮೇಲಿನ ಹೂವಿಗಾಗಿ ಹತ್ತುತ್ತೇವೆ, ಅವರು ನಮ್ಮ ಹೂವಿಗಾಗಿ ಘಟ್ಟ ಹತ್ತಿ ಬರುತ್ತಾರೆ. ನಮ್ಮ ರೈತನ ಹೊಲದಲ್ಲಿ ಪರರು ಗಿಡ ತುಳಿದರೆ ನಮಗೆ ಎಷ್ಟು ನೋಯುತ್ತದೆ ಎಂಬುದನ್ನು ನೆನೆದರೆ, ಪರರ ಬೆಟ್ಟದಲ್ಲಿ ನಾವು ಹೇಗೆ ನಡೆಯಬೇಕೆಂಬುದು ತಾನಾಗಿ ತಿಳಿಯುತ್ತದೆ.

ಮುಂದಿನ ಬೇಸಗೆಗೆ ಊಟಿಗೆ ಹೊರಡುವವರು ಚಾಮರಾಜನಗರದ ಬಸದಿಯ ಬಳಿ ಐದು ನಿಮಿಷ ನಿಂತು ಹೋಗಲಿ. ಮಕ್ಕಳಿಗೆ ಪುಣಿಸನ ಕಥೆಯನ್ನೂ ಉಮ್ಮತ್ತೂರಿನ ಗಂಗರಾಜನ ಕಥೆಯನ್ನೂ ದಾರಿಯಲ್ಲಿ ಹೇಳಲಿ. ಗುಲಾಬಿ ತೋಟದಲ್ಲಿ ‘ಈ ಹೂವು ಯಾವ ಊರಿನದು?’ ಎಂದು ಮಗು ಕೇಳಿದರೆ ಹಲಗೆ ಓದಿ ಹೇಳಲಿ. ಬಡಗರ ಅಂಗಡಿಯಲ್ಲಿ ಚಹ ಕುಡಿಯುವಾಗ ಅವರ ಮಾತಿಗೆ ಕಿವಿಗೊಟ್ಟರೆ, ಅರ್ಧಕ್ಕಿಂತ ಹೆಚ್ಚು ತಿಳಿಯುತ್ತಿದೆಯಲ್ಲ ಎಂದು ಆಶ್ಚರ್ಯವಾಗುತ್ತದೆ. ಒಂಬೈನೂರು ವರ್ಷಗಳ ಹಿಂದೆ ಹೊರಟ ದಂಡುಗಳು ಆ ಬೆಟ್ಟದಿಂದ ತಂದ ಸೊತ್ತು ಯಾವುದೂ ಉಳಿದಿಲ್ಲ. ಹೂವು ನೋಡಿ, ನಾಲ್ಕು ಮಾತಾಡಿ ಬಂದವರು ತರುವ ನೆನಪು ಮನೆಯಲ್ಲಿ ಒಂದೆರಡು ತಲೆಮಾರಾದರೂ ನಿಂತೀತು.